ಲೂಜಾಬಾಯಿಯ ಪಾಳಿ

ಮನೆ ಸುಟ್ಟುಹೋದವಳಿಗೆ ಕೊಡಲೆಂದು ಪಾಸ್ಕಲ್ ಬಾಬ ಟೈ ತಂದಿದ್ದ. ಕೊರಳಿಗೆ ಕಟ್ಟಿಕೊಳ್ಳುವ ಟೈ. ನೀಲಿ ಬಣ್ಣದ್ದು, ಮೇಲೆ ಚಿಕ್ಕ ಚಿಕ್ಕ ಹಡಗುಗಳ ಚಿತ್ರ. ಅದೊಂದೇ ಅಲ್ಲ. ಜೀಪಿನಿಂದ ಇಳಿಸಿದ ಗಂಟಿನಲ್ಲಿ ಗುಂಡಿ ಕಿತ್ತ ಪ್ಯಾಂಟುಗಳಿದ್ದವು, ಪ್ರವಾಸಿಗರು ರೆಸಾರ್ಟಿನಲ್ಲಿ ಮರೆತುಹೋದ ಈಜುವ ಚಡ್ಡಿಗಳಿದ್ದವು, ಯಾರದೋ ಮದುವೆಯಲ್ಲಿ ಒಂದು ದಿನ ಹಾಕಿ ಬಿಟ್ಟ ಗುಲಾಬಿ ಫ್ರಾಕ್ ಇತ್ತು. ಒಂದು ಕೋಟಿಗೆ ಒಂದೇ ತೋಳಿತ್ತು. ಲೂಜಾಬಾಯಿ ಆ ಕೋಟನ್ನು ಎತ್ತಿ ಹಿಡಿದು, ಇನ್ನೊಂದು ತೋಳು ಯಾವ ಬಡವರ ಪಾಲಿಗೆ ಹೋಗಿರಬಹುದು ಎಂದು ಯೋಚಿಸಿದಳು.

ಅವಳು ನಿಂತದ್ದು ಬೂದಿಯಲ್ಲಿ. ಮೊನ್ನೆಯವರೆಗೆ ಅಲ್ಲಿ ಅವಳ ಮನೆಯಿತ್ತು. ಸಾಂಬ್ರಾಣಿ ಊರು ದಾಟಿ ಕಾಡಿನ ಕಡೆ ಹೊರಳಿದರೆ ಸಿಗುವ ಮತ್ತಿವಾಡದಲ್ಲಿ, ಸಿದ್ದಿ ಓಣಿಯ ಕೊನೆಯ ಮನೆ. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಹಿಂದೊಂದು ಕೋಳಿಗೂಡು. ಗಂಡ ಹೋದ ಮೇಲೆ ಊರವರ ಕಲ್ಲು ಹೊತ್ತು, ಮಣ್ಣು ಹೊತ್ತು, ಉಳಿದ ಹೊತ್ತಿನಲ್ಲಿ ತನ್ನ ಗೋಡೆಗೂ ಮಣ್ಣು ಮೆತ್ತಿ ಒಬ್ಬಳೇ ನಿಲ್ಲಿಸಿದ್ದಳು. ಈಗ ಮೋಟು ಗೋಡೆಗಳು ಮಾತ್ರ ಉಳಿದಿದ್ದವು. ಕೋಳಿಗಳು ಗೂಡಿನಲ್ಲೇ ಬೆಂದುಹೋಗಿದ್ದವು. ಆಡನ್ನು ಎಳೆದು ತರಲು ಹೋಗಿ ಅವಳ ಎಡಗೈ ಮೊಳಕೈವರೆಗೆ ಬೊಬ್ಬೆ ಎದ್ದಿತ್ತು. ಆ ಆಡು ಮಾತ್ರ ಬೆನ್ನಿನ ಕೂದಲು ಸುಟ್ಟುಕೊಂಡು, ಏನೂ ಆಗಿಲ್ಲವೆಂಬಂತೆ ಜೀಪಿನ ಪಕ್ಕ ನಿಂತು ಗುಲಾಬಿ ಫ್ರಾಕಿನ ಅಂಚು ಮೆಲ್ಲುತ್ತಿತ್ತು.

ಬೆಂಕಿ ಎಲ್ಲಿಂದ ಬಂತೆಂದು ಓಣಿಗೆಲ್ಲ ಗೊತ್ತಿತ್ತು. ಪಾಸ್ಕಲ್ ಬಾಬನಿಗೂ ಗೊತ್ತಿತ್ತು. ಹೊಳೆದಂಡೆಯಲ್ಲಿ ಅವನ ರೆಸಾರ್ಟ್. ಶನಿವಾರ ಸಂಜೆ ಅಲ್ಲಿ ಯಾರದೋ ಹುಟ್ಟುಹಬ್ಬ. ಒಳಗೆ ಬತ್ತಿ ಹಚ್ಚಿ ಆಕಾಶಕ್ಕೆ ಬಿಡುವ ಕಾಗದದ ದೀಪಗಳನ್ನು ಪ್ರವಾಸಿಗರು ಬಿಟ್ಟರು. ಚಂದವಾಗಿಯೇ ಇತ್ತು. ಓಣಿಯ ಮಕ್ಕಳೆಲ್ಲ ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಒಂದು ದೀಪ ಗಾಳಿಗೆ ವಾಲಿ ಲೂಜಾಬಾಯಿಯ ಮಾಡಿನ ಮೇಲೆ ಬಂದು ಕೂತಿತು. ಆ ಹೊತ್ತಿಗೆ ಅವಳ ಒಲೆ ತಣ್ಣಗಿತ್ತು, ಅವಳು ಪಕ್ಕದ ಇಮಾಂಬಿಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದಳು. ಆದರೂ ಮರುದಿನ ಇಗರ್ಜಿಯಲ್ಲಿ ಪಾಸ್ಕಲ್ ಬಾಬ ಮೈಕು ಹಿಡಿದು, "ಒಲೆಯ ಕಿಡಿಯಿಂದ ಮನೆ ಕಳೆದುಕೊಂಡ ನಮ್ಮ ಬಡ ಸಹೋದರಿ" ಎಂದು ದನಿ ನಡುಗಿಸಿ ಎಲ್ಲರಿಂದ ಹಳೆ ಬಟ್ಟೆ ಕೇಳಿದ. ಅವನು ಇಗರ್ಜಿ ಕಮಿಟಿಯ ಅಧ್ಯಕ್ಷ. ಅವನು ಕಿಡಿ ಎಂದರೆ ಊರಿಗೆಲ್ಲ ಅದು ಕಿಡಿಯೇ.

"ಲೂಜಾ, ಈ ಕಡೆ ಬಾ. ಗಂಟು ಹಿಡಿ. ಹಂಗಲ್ಲ, ನಾ ಕೊಡಾಕ್ಹತ್ತೇನಿ, ನೀ ಇಸ್ಕೊಳ್ಳಾಕ್ಹತ್ತಿ, ಹಂಗ ನಿಂದ್ರು. ಮುಖ ಸ್ವಲ್ಪ ಸಣ್ಣದು ಮಾಡು."

"ಮುಖ ಇದ್ದಷ್ಟ ಐತ್ರಿ ಬಾಬಾ. ಸಣ್ಣದು ಮಾಡಾಕ ಬರೂದಿಲ್ಲ."

ಮೊಬೈಲು ಹಿಡಿದಿದ್ದ ರೆಸಾರ್ಟಿನ ಮ್ಯಾನೇಜರನಿಗೆ ನಗು ಬಂತು. ಪಾಸ್ಕಲ್ ಬಾಬ ಅವನನ್ನು ಕೆಕ್ಕರಿಸಿ ನೋಡಿದ.

"ಗೋವಾದವರು, ದುಬೈದವರು ನೋಡ್ತಾರ. ಹಿಂಗ ಸೆಟದ ನಿಂತ್ರ ಯಾರು ಕೊಡ್ತಾರ ನಿನಗ?"

"ಅರಿಬಿ ಇರ್ಲಿ ಬಾಬಾ," ಎಂದಳು ಲೂಜಾಬಾಯಿ. ಗಂಟನ್ನು ಕೆಳಗಿಟ್ಟಳು. "ಬೇಸ್ತವಾರ ಮಾಯಿ ನಮ್ಮನಿಗೆ ಬರಬೇಕಲ್ರಿ? ಅದರದ್ದು ಹೆಂಗ?"

ಸಾಯಬೀಣ ಮಾಯಿ ಎಂದರೆ ಮೇರಿ ಮಾತೆ. ಗಾಜಿನ ಪೆಟ್ಟಿಗೆಯೊಳಗೆ ನಿಂತ ಮೊಳದುದ್ದದ ಮೂರ್ತಿ. ಸುಗ್ಗಿ ಮುಗಿದ ಮೇಲೆ ಆಕೆ ಇಗರ್ಜಿಯಿಂದ ಹೊರಟು ಮನೆಯಿಂದ ಮನೆಗೆ ಹೋಗುತ್ತಾಳೆ. ಒಂದು ಮನೆಯಲ್ಲಿ ಒಂದು ರಾತ್ರಿ. ಸಂಜೆ ಎಲ್ಲರೂ ಸೇರಿ ಜಪಸರ ಹೇಳುತ್ತಾರೆ, ಮನೆಯಾಕೆ ಬಂದವರಿಗೆ ಕಡಲೆ ಉಸುಳಿ ಕೊಡುತ್ತಾಳೆ, ಮಾರನೆಯ ಸಂಜೆ ಮಾಯಿಯ ಸವಾರಿ ಮುಂದಿನ ಮನೆಗೆ. ಇದಕ್ಕೆ ಮತ್ತಿವಾಡದಲ್ಲಿ ಒಂದಿಷ್ಟು ಕಟ್ಟಳೆಗಳಿವೆ. ಮಾಯಿ ಗಾಲಿಯ ಮೇಲೆ ಹೋಗುವ ಹಾಗಿಲ್ಲ. ದಾರಿಯಲ್ಲಿ ಎಲ್ಲಿಯೂ ನೆಲಕ್ಕೆ ತಾಗುವ ಹಾಗಿಲ್ಲ. ಹಿಂದಿನ ಮನೆಯವರು ಬಂದು ಮುಂದಿನ ಮನೆಯಲ್ಲಿ ತಮ್ಮ ಕೈಯಾರೆ ಇಳಿಸಿ ಕೊಡಬೇಕು. ಕೊಟ್ಟ ಉಸುಳಿಯನ್ನು ಯಾರೂ ಬೇಡ ಎನ್ನುವ ಹಾಗಿಲ್ಲ, ಅದು ಮಾಯಿಯ ಪ್ರಸಾದ.

ಗಾಲಿಯ ಮೇಲೆ ಹೋಗಬಾರದು ಎಂದ ಮೇಲೆ ಯಾರಾದರೂ ಹೊರಲೇಬೇಕಲ್ಲ. ಸಾಗವಾನಿ ಚೌಕಟ್ಟು, ದಪ್ಪ ಗಾಜು, ಹಿತ್ತಾಳೆಯ ದೀಪ, ಎಲ್ಲ ಸೇರಿ ಒಂದು ಕಲ್ಲಿನ ಭಾರ. ಬಂಗಲೆಯವರ ಕುತ್ತಿಗೆಗೆ ಅದು ಒಗ್ಗುವ ಕೆಲಸವಲ್ಲ. ಹಾಗಾಗಿ ಲೂಜಾಬಾಯಿ. ಪಾಸ್ಕಲ್ ಬಾಬನ ರೆಸಾರ್ಟಿಗೆ ಕೆಂಪು ಕಲ್ಲು ಹೊತ್ತವಳು, ಇಗರ್ಜಿಯ ಕಂಪೌಂಡಿಗೆ ಕಲ್ಲು ಹೊತ್ತವಳು, ತಲೆಯ ಮೇಲೆ ಇಟ್ಟದ್ದು ಅಲುಗದ ಹಾಗೆ ನಡೆಯಬಲ್ಲವಳು. ವರ್ಷಾನುಗಟ್ಟಲೆ ಅವಳು ಸಿಂಬಿ ಸುತ್ತಿ, ಪೆಟ್ಟಿಗೆ ಹೊತ್ತು, ಊರಿನ ಹೆಂಚಿನ ಮನೆಗಳಿಗೆಲ್ಲ ಮಾಯಿಯನ್ನು ಮುಟ್ಟಿಸಿದ್ದಳು. ಹೊಸ್ತಿಲಲ್ಲಿ ಇಳಿಸಿಕೊಂಡು ಅವರು ಒಳಗೆ ಹೋಗುತ್ತಿದ್ದರು. ಅವಳು ಅಂಗಳದಲ್ಲಿ ನಿಲ್ಲುತ್ತಿದ್ದಳು. ಉಸುಳಿ ಅವಳಿಗೂ ಸಿಗುತ್ತಿತ್ತು, ಎಲೆಯಲ್ಲಿ, ಕೈ ತಾಗದ ಹಾಗೆ ಮೇಲಿನಿಂದ ಹಾಕಿ. ಸಿದ್ದಿ ಓಣಿಯಲ್ಲೂ ಕ್ರೈಸ್ತರ ಮನೆಗಳಿದ್ದವು, ಆದರೆ ಅಲ್ಲಿಗೆ ಮಾಯಿ ಬಂದದ್ದೇ ಇಲ್ಲ. ಎತ್ತುವಾಗ ಇಳಿಸುವಾಗ ಲೂಜಾಬಾಯಿಗೆ ಕಾಣುತ್ತಿದ್ದುದು ಪೆಟ್ಟಿಗೆಯ ತಳದ ಹಲಗೆ. ಮಾಯಿಯ ಕಣ್ಣು ಯಾವ ಬಣ್ಣದ್ದೆಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಪಾಸ್ಕಲ್ ಬಾಬನ ಹಿರಿಯರು ಗೋವೆಯಿಂದ ಪಲ್ಲಕ್ಕಿಯಲ್ಲಿ ಕೂತು ಬಂದವರಂತೆ, ಅವನೇ ಹೇಳಿಕೊಳ್ಳುತ್ತಾನೆ. ಲೂಜಾಬಾಯಿಯ ಹಿರಿಯರು ಬಂದದ್ದೂ ಗೋವೆಯಿಂದಲೇ. ಒಡೆಯರ ಚಾಟಿಗೆ ಬೆನ್ನು ಕೊಟ್ಟು ಸಾಕಾಗಿ, ತಪ್ಪಿಸಿಕೊಂಡು ಕಾಡು ಹೊಕ್ಕವರು. ಪಲ್ಲಕ್ಕಿ ತಾನಾಗಿ ನಡೆದು ಬರುವುದಿಲ್ಲ, ಯಾರೋ ಹೊತ್ತಿರಲೇಬೇಕು ಎಂದು ಓಣಿಯ ಮುದುಕರು ಆಗಾಗ ನಗುತ್ತಿದ್ದರು.

ಈ ವರ್ಷ ಮುಂಡಗೋಡ ಕಡೆಯಿಂದ ಹೊಸ ಫಾದರ್ ಬಂದರು. ಒಳ್ಳೆಯ ಮನುಷ್ಯ. ಒಳ್ಳೆಯತನ ಹೆಚ್ಚಾಗಿ ಯಾವ ಮಾತನ್ನೂ ಪೂರ್ತಿ ಹೇಳುತ್ತಿರಲಿಲ್ಲ. ಆದರೂ ಒಂದು ಕೆಲಸ ಮಾಡಿದರು. ಓಣಿಯವರದ್ದೂ ಸೇರಿಸಿ ಎಲ್ಲ ಕ್ರೈಸ್ತ ಮನೆಗಳ ಹೆಸರನ್ನು ಡಬ್ಬಿಯಲ್ಲಿ ಹಾಕಿ ಚೀಟಿ ಎತ್ತಿಸಿದರು. ಪಾಸ್ಕಲ್ ಬಾಬನ ಬಂಗಲೆಯ ನಂತರದ ಚೀಟಿ ಲೂಜಾಬಾಯಿಯದು ಬಂತು. ಅವತ್ತು ಅವಳು ಇಗರ್ಜಿಯಿಂದ ಓಡುತ್ತಲೇ ಮನೆಗೆ ಬಂದಳು. ಗೋಡೆಗೆ ಸುಣ್ಣ ಬಳಿದಳು, ಪೆಟ್ಟಿಗೆ ಇಡಲು ಮಣ್ಣಿನ ಕಟ್ಟೆ ಕಟ್ಟಿದಳು, ಒಳ್ಳೆಯ ಕೌದಿ ತೆಗೆದು ಬಿಸಿಲಿಗೆ ಹಾಕಿದಳು. ಆ ಸುಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಬೆಂಕಿ ಬಿತ್ತು.

ಈಗ ಅವಳ ಪ್ರಶ್ನೆಗೆ ಪಾಸ್ಕಲ್ ಬಾಬ ನಕ್ಕುಬಿಟ್ಟ.

"ಮನಿ ಎಲ್ಲೈತಿ ಲೂಜಾ, ಮಾಯಿ ಬರಾಕ? ಬೂದ್ಯಾಗ ಕುಂದ್ರಸ್ತಿ ಏನು ಅಕಿನ್ನ?"

"ಬೂದಿ ತಗದು ನೆಲ ಸಾರಸ್ತೇನ್ರಿ. ಮ್ಯಾಲೆ ತಾಡಪತ್ರಿ ಕಟ್ತೇನಿ."

"ತಾಡಪತ್ರಿ ಕೆಳಗ ಮಾಯಿ! ಮಂದಿ ಏನಂದಾರು? ಮುಂದಿನ ವರ್ಷ ನೋಡೂಣು. ಬೇಸ್ತವಾರ ನಮ್ಮ ಬಂಗ್ಲೆದಿಂದ ಸೀದಾ ಕೈತಾನ ಮಾಸ್ತರ ಮನಿಗೆ. ನೀ ಹೊರಾಕ ಜಲ್ದಿ ಬಾ. ಕೈ ಸುಟ್ಟೈತಿ ಅಂತ ನೆವ ಹೇಳಬ್ಯಾಡ, ತಲಿಗೇನೂ ಆಗಿಲ್ಲಲ್ಲ."

ಲೂಜಾಬಾಯಿಯ ಕಿವಿ ಬಿಸಿಯಾಯಿತು. ತನ್ನ ಸುಟ್ಟ ಮನೆಯ ಮುಂದಿನಿಂದಲೇ, ತನ್ನ ತಲೆಯ ಮೇಲೆಯೇ, ತನ್ನ ಪಾಳಿಯನ್ನು ಹೊತ್ತುಕೊಂಡು ಹೋಗಿ ಇನ್ನೊಬ್ಬರ ಮನೆಗೆ ಇಳಿಸಿ ಬಾ ಎನ್ನುತ್ತಿದ್ದಾನೆ.

"ಬಾಬಾ, ಬೆಂಕಿ ಬಿದ್ದದ್ದು ಮನಿಗ್ರಿ. ಪಾಳಿಗೆ ಬಿದ್ದಿಲ್ಲ."

"ನೋಡೋಣಮ್ಮಾ," ಎಂದರು ಜೀಪಿನಲ್ಲೇ ಕೂತಿದ್ದ ಫಾದರ್, "ಪರಿಸ್ಥಿತಿ ಸ್ವಲ್ಪ..." ಜೀಪು ಚಾಲೂ ಆಯಿತು. ಮಾತು ಅಲ್ಲಿಗೇ ನಿಂತಿತು.

"ಫೋಟೋ ಆಗ್ಲಿಲ್ಲಲ್ರಿ," ಎಂದ ಮ್ಯಾನೇಜರ್.

"ಆಡಿಂದು ತಗೀರಿ," ಎಂದಳು ಲೂಜಾಬಾಯಿ. "ನಿಮ್ಮ ಅರಿಬಿ ತಿಂದದ್ದು ಅದ."

ಜೀಪು ಹೋದ ಮೇಲೆ ಗಂಟು ಬಿಚ್ಚುವ ಶಾಸ್ತ್ರ ನಡೆಯಿತು. ಇಮಾಂಬಿ ಬಂದಳು, ಮುದಕವ್ವ ಬಂದಳು. ಇಮಾಂಬಿಯ ಅಜ್ಜ ಮತ್ತು ಲೂಜಾಬಾಯಿಯ ಅಜ್ಜಿ ಒಂದೇ ತಾಯಿಯ ಮಕ್ಕಳು. ಒಬ್ಬರ ಮನೆ ಮಸೀದಿಯ ಕಡೆ ಹೋಯಿತು, ಇನ್ನೊಬ್ಬರದು ಇಗರ್ಜಿಯ ಕಡೆ. ಸಿದ್ದಿಗಳಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಮುದಕವ್ವ ಸಿದ್ದಿಯಲ್ಲ, ಧಾರವಾಡ ಕಡೆಯವಳು. ಗಂಡ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಹೊರಲು ಬಂದವನು, ಅವನ ಹಿಂದೆ ಬಂದು ಓಣಿಯ ತುದಿಯಲ್ಲೇ ಬೇರು ಬಿಟ್ಟವಳು. ಬೆಂಕಿಯ ದಿನ ಮೊದಲ ಕೊಡ ನೀರು ಎರಚಿದ್ದು ಅವಳೇ. ಎರಚುವ ಭರದಲ್ಲಿ ಕೊಡವನ್ನೂ ಎಸೆದುಬಿಟ್ಟಿದ್ದಳು.

ಇಮಾಂಬಿ ಒಂದು ತೋಳಿನ ಕೋಟು ಹಾಕಿಕೊಂಡು, ಎದೆ ಉಬ್ಬಿಸಿ ಬೂದಿಯ ಸುತ್ತ ಎರಡು ಸುತ್ತು ಹೊಡೆದಳು. ಮುದಕವ್ವ ಟೈಯನ್ನು ಆಡಿನ ಕೊರಳಿಗೆ ಕಟ್ಟಿದಳು.

"ನೋಡ್ರವಾ, ಕಮಿಟಿ ಅಧ್ಯಕ್ಷರು!"

ಮೂವರೂ ಪಕ್ಕೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಲೂಜಾಬಾಯಿ ಯಾವಾಗ ಅಳತೊಡಗಿದಳೋ ಉಳಿದಿಬ್ಬರಿಗೆ ತಿಳಿಯಲಿಲ್ಲ. ಅವಳ ಕೌದಿಗಳೆಲ್ಲ ಸುಟ್ಟಿದ್ದವು. ಒಂದರಲ್ಲಿ ಅವ್ವನ ಸೀರೆಯ ತುಂಡಿತ್ತು, ಗಂಡನ ಲುಂಗಿಯ ತುಂಡಿತ್ತು, ಹುಟ್ಟಿ ಎಂಟು ದಿನಕ್ಕೆ ಹೋದ ಮಗುವಿನ ಕುಲಾವಿಯ ತುಂಡಿತ್ತು. ಅದನ್ನೇ ಮಾಯಿಯ ಕಟ್ಟೆಗೆ ಹಾಸಬೇಕೆಂದಿದ್ದಳು. ಒಂದು ರಾತ್ರಿಯಾದರೂ ಆ ಹೆಂಗಸು ತನ್ನೆದುರು ಕೂತಿರಬೇಕು, ಅವಳ ಮುಖ ನೋಡಿ ಒಂದೆರಡು ಮಾತು ಕೇಳಬೇಕು ಎಂಬ ಆಸೆ ಅವಳಿಗೆ ಬಹಳ ಹಿಂದಿನದು. ಮಗನನ್ನು ಕಳೆದುಕೊಂಡವಳನ್ನು ಮಗು ಕಳೆದುಕೊಂಡವಳು ಕ್ಷೇಮ ಕೇಳಬಾರದೇನು?

"ಅಳಬ್ಯಾಡ ಬೇ," ಎಂದಳು ಇಮಾಂಬಿ. ಕೋಟು ಬಿಚ್ಚಿ, ಇದ್ದ ಒಂದು ತೋಳನ್ನೂ ಪರ್ರನೆ ಹರಿದಳು. "ಸೂಜಿ ತಾ ಮುದಕವ್ವ. ಇದರಾಗ ಒಂದು ಕೌದಿ ಆಗ್ತೈತಿ."

"ಕೌದಿ ಆಗ್ತೈತಿ ಖರೆ. ಮಾಯಿ ಬರ್ತಾಳಂತೇನು?"

"ಪಾಳಿ ಐತಿ. ಬರಬೇಕು," ಎಂದಳು ಲೂಜಾಬಾಯಿ, ಮೂಗೊರೆಸಿಕೊಂಡು.

"ಬರಬೇಕಾದ್ದು ಬೆಂಕಿ ಆರಿಸೋ ಗಾಡಿನೂ ಇತ್ತವ್ವ. ಬಂತೇನು?"

ಆದರೂ ಕೆಲಸಕ್ಕೆ ನಿಂತವಳು ಮುದಕವ್ವನೇ. ಬುಟ್ಟಿಗಟ್ಟಲೆ ಬೂದಿ ಹೊತ್ತು ಹಿತ್ತಲಿಗೆ ಸುರಿದರು. ಕರಿ ಹಿಡಿದ ಗೋಡೆ ಕೆರೆದರು. ಮೂಗಿನಲ್ಲಿ, ಉಗುರಿನಲ್ಲಿ, ಉಗುಳಿನಲ್ಲಿ ಮಸಿ. ಪಕ್ಕದ ಪರಶುರಾಮ ಬಿದಿರು ಗಳ ನಿಲ್ಲಿಸಿ, ತನ್ನ ಭತ್ತ ಮುಚ್ಚುವ ತಾಡಪತ್ರಿ ತಂದು ಬಿಗಿದ. ಮುದಕವ್ವ ಸಗಣಿ ಕಲಸಿ ನೆಲ ಸಾರಿಸಿ, ಬಾಗಿಲಿಲ್ಲದ ಬಾಗಿಲಲ್ಲಿ ರಂಗೋಲಿ ಹಾಕಲು ಕೂತಳು.

"ಲೂಜಿ, ನಿಮ್ಮ ಮಾಯಿಗೆ ರಂಗೋಲಿ ನಡೀತೈತೇನು?"

"ಯಾರಿಗೆ ಗೊತ್ತವ್ವ. ನಮ್ಮನಿಗೆ ಎಂದೂ ಬಂದಿಲ್ಲಲ್ಲ ಕೇಳಾಕ."

"ಹಂಗಾರ ಹಾಕ್ತೇನಿ. ಒಲ್ಲೆ ಅಂದ್ರ ಅಳಸೂಣು."

ಸುಟ್ಟ ಕೈಯಲ್ಲಿ ಬಟ್ಟೆ ಬಿಗಿಹಿಡಿದು ಹೊಲಿಯಲು ಆಗುತ್ತಿರಲಿಲ್ಲ. ಲೂಜಾಬಾಯಿ ತುಂಡು ಜೋಡಿಸಿ ಕೊಟ್ಟಳು, ಇಮಾಂಬಿ ಹೊಲಿದಳು. ಗುಲಾಬಿ ಫ್ರಾಕು ನಡುವೆ ಬಂತು, ಪ್ಯಾಂಟುಗಳು ಸುತ್ತ ಬಂದವು, ಆಡಿನ ಕೊರಳಿನ ಟೈ ಬಿಚ್ಚಿ ಅಂಚಿಗೆ ಹಾಕಿದರು. ಈಜುವ ಚಡ್ಡಿ ಬೇಡ ಎಂದು ಮೂವರೂ ಒಪ್ಪಿದರು. ಎಷ್ಟಾದರೂ ದೇವರ ಕೆಲಸ.

ಬೇಸ್ತವಾರ ಸಂಜೆ ಲೂಜಾಬಾಯಿ ಇಮಾಂಬಿಯ ಹಸಿರು ಸೀರೆ ಉಟ್ಟು ಬಂಗಲೆಗೆ ಹೋದಳು. ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಕಾಲು ಹಿಡಿದು ಕೇಳೋಣ ಎಂದು ಒಮ್ಮೆ ಅನಿಸಿತು. ಬಂಗಲೆಯ ಮುಂದೆ ಸಾಲುದೀಪ, ಹೊಸ ಬಟ್ಟೆ, ಅತ್ತರಿನ ವಾಸನೆ. ಅವಳನ್ನು ಕಂಡು ಪಾಸ್ಕಲ್ ಬಾಬ, "ಬಂದ್ಯಾ? ಶಾಣ್ಯಾಕಿ," ಎಂದ. ಕರೆದಾಗ ಬಂದ ನಾಯಿಗೆ ಹೇಳುವ ಹಾಗಿತ್ತು. ಕಾಲು ಹಿಡಿಯುವ ಯೋಚನೆ ಅಲ್ಲಿಗೆ ಬಿಟ್ಟುಹೋಯಿತು.

ಸಿಂಬಿ ಸುತ್ತಿದಳು. ಇಬ್ಬರು ಪೆಟ್ಟಿಗೆ ಎತ್ತಿ ತಲೆಗೆ ಕೊಟ್ಟರು. ಭಾರ ನೆತ್ತಿಯಿಂದ ಇಳಿದು ಕುತ್ತಿಗೆಗೆ, ಬೆನ್ನಿಗೆ, ಹಿಮ್ಮಡಿಗೆ ಬಂದು ಕೂತಿತು. ಸುಟ್ಟ ಕೈಯನ್ನು ಮೇಲೆತ್ತಿ ಪೆಟ್ಟಿಗೆಗೆ ಆನಿಸಿದಾಗ ಬೊಬ್ಬೆ ಒಡೆದು ನೀರು ಮೊಳಕೈಗೆ ಇಳಿಯಿತು. ಅವಳು ನಡೆದಳು. ಹಿಂದೆ ಫಾದರ್, ಪಾಸ್ಕಲ್ ಬಾಬ, ಅವನ ಹೆಂಡತಿ ಎಸ್ಪೆರಾನ್ಸಾ, ಮೇಣದಬತ್ತಿ ಹಿಡಿದ ಊರು. ಹಾಡು ಶುರುವಾಯಿತು.

ಮತ್ತಿಮರದ ಹತ್ತಿರ ದಾರಿ ಒಡೆಯುತ್ತದೆ. ಬಲಕ್ಕೆ ಡಾಂಬರು, ಕೈತಾನ ಮಾಸ್ತರ ಮನೆ. ಎಡಕ್ಕೆ ಮಣ್ಣು, ಸಿದ್ದಿ ಓಣಿ. ಲೂಜಾಬಾಯಿಯ ಕಾಲು ಎಡಕ್ಕೆ ಹೊರಳಿತು. ಕಾಲು ತಾನಾಗಿ ಹೊರಳಿತು ಎಂದು ಅವಳು ಆಮೇಲೆ ಕೆಲವರಿಗೆ ಹೇಳಿದ್ದುಂಟು. ಅದು ಸುಳ್ಳು. ಅವಳೇ ಹೊರಳಿಸಿದಳು. ಹೊತ್ತವಳು ನಾನು, ನಾನು ಹೋದ ಕಡೆಯೇ ಇವಳು ಬರಬೇಕು ಎಂಬ ಸರಳ ಸಂಗತಿ ಇಷ್ಟು ವರ್ಷ ತನಗೆ ಯಾಕೆ ಹೊಳೆಯಲಿಲ್ಲವೋ ಎಂದು ಅವಳಿಗೆ ನಗು ಬಂತು.

ಹಾಡು ಅರ್ಧಕ್ಕೆ ನಿಂತಿತು. "ಏ ಲೂಜಾ! ಎತ್ತಾಗ ಹೊಂಟಿ?"

"ಮನಿಗ್ರಿ ಬಾಬಾ."

"ದಾರಿ ಬಲಕೈತಿ!"

"ಮಾಸ್ತರ ಮನಿದು ಬಲಕೈತ್ರಿ. ನಂದು ಎಡಕ."

ಪಾಸ್ಕಲ್ ಬಾಬ ಓಡಿ ಬಂದು ಅಡ್ಡ ನಿಂತು ಕೈ ಚಾಚಿದ. ಅವಳು ನಿಲ್ಲಲಿಲ್ಲ.

"ಮುಟ್ಟಬ್ಯಾಡ್ರಿ. ಜೋಲಿ ತಪ್ಪಿದ್ರ ಗಾಜು ಚೂರಾಗ್ತೈತಿ. ಆಮ್ಯಾಲೆ ಮಾಯಿನ್ನ ಕೆಡವಿದವರು ಯಾರು ಅಂತ ಊರು ಕೇಳ್ತೈತಿ."

ಅವನು ಬೆಂಕಿ ಮುಟ್ಟಿದವನಂತೆ ಬದಿಗೆ ಹಾರಿದ. ಮಾಯಿ ಮುಂದೆ ಹೋದ ಮೇಲೆ ತಾವು ಹಿಂದೆ ಉಳಿಯುವುದಾದರೂ ಹೇಗೆ? ಮೆರವಣಿಗೆ ಎಡಕ್ಕೆ ಹೊರಳಿತು. ಬಚ್ಚಲ ನೀರು ಹರಿಯುವ ಕಡೆ ಬೂಟುಗಳು ಬೆರಳ ತುದಿಯಲ್ಲಿ ನಡೆದವು, ಜರಿ ಅಂಚುಗಳು ಮೊಳಕಾಲಿಗೇರಿದವು. ಕೋಳಿಗಳು ಕಿರುಚಿ ಚದುರಿದವು. ಓಣಿಯ ಹುಡುಗಿಯರು ಮೆರವಣಿಗೆಯ ಪಕ್ಕ ಓಡುತ್ತ ನಿಂತ ಹಾಡನ್ನು ಮತ್ತೆ ಶುರು ಮಾಡಿದರು.

ಬೂದಿ ತೆಗೆದು ಸಾರಿಸಿದ ಜಾಗದಲ್ಲಿ ತಾಡಪತ್ರಿಯ ಕೆಳಗೆ ಲಾಟೀನು ಉರಿಯುತ್ತಿತ್ತು. ಇಮಾಂಬಿ ಉಸುಳಿಯ ಪಾತ್ರೆಯ ಮುಂದೆ, ಮುದಕವ್ವ ರಂಗೋಲಿಯ ಪಕ್ಕ. ಓಣಿಗೆ ಓಣಿಯೇ ನೆರೆದಿತ್ತು. ಮಣ್ಣಿನ ಕಟ್ಟೆಯ ಮೇಲೆ ಕೌದಿ.

"ಅಯ್ಯ, ಅದು ನನ್ನ ಫ್ರಾಕ್ ಅಲ್ಲೇನು!" ಎಂದು ಎಸ್ಪೆರಾನ್ಸಾ ಬಾಯಿ ಕೂಗಿ, ಕೂಗಿದ ಮೇಲೆ ಬಾಯಿಗೆ ಕೈ ಇಟ್ಟುಕೊಂಡಳು.

ಲೂಜಾಬಾಯಿ ಕಟ್ಟೆಯ ಮುಂದೆ ನಿಂತಳು.

"ಇಳಸ್ರಿ ಬಾಬಾ."

ಪಾಸ್ಕಲ್ ಬಾಬ ರಂಗೋಲಿಯ ಆಚೆಗೇ ನಿಂತಿದ್ದ. "ಇದು ಆಗೂದಿಲ್ಲ. ತಿರುಗು. ಮಾಸ್ತರ ಮನ್ಯಾಗ ಎಲ್ಲಾ ತಯಾರಿ ಆಗೈತಿ."

"ನನ್ನ ಮನ್ಯಾಗೂ ಆಗೈತಿ."

"ಇದಕ್ಕ ಮನಿ ಅಂತಾರೇನು?"

"ನಿಮ್ಮ ಗಿರಾಕಿ ದೀಪ ಹಾರಸೂತನಾ ಮನಿನ ಇತ್ರಿ ಇದು. ಒಲಿ ಕಿಡಿ ಅಂತ ಮೈಕಿನ್ಯಾಗ ಹೇಳಿದ್ರಿ. ಮಾಯಿ ಎದುರು ಹೇಳ್ರಿ ಈಗ. ನನ್ನ ಒಲಿ ಹತ್ತಿತ್ತೇನು ಅವತ್ತ?"

ಒಂದು ಮೇಣದಬತ್ತಿ ಚಟಚಟ ಎಂದಿತು. ಪಾಸ್ಕಲ್ ಬಾಬ ಆಚೆ ಈಚೆ ನೋಡಿದ.

"ಮುದಕವ್ವ, ಏ ಇಮಾಂಬಿ, ಇಳಸ್ರಿ ಅದನ್ನ. ಅಕಿಗೆ ತಲಿ ಕೆಟ್ಟೈತಿ."

"ನಾ ನಿಮ್ಮ ಮನಿಯಾಕಿ ಅಲ್ರಿ," ಎಂದಳು ಮುದಕವ್ವ. "ಹಿಂದಿನ ಮನಿಯವರ ಇಳಸಬೇಕಂತ, ನಿಮ್ಮ ಕಟ್ಟಳಿ."

"ನಾನೂ ಅಲ್ರಿ," ಎಂದಳು ಇಮಾಂಬಿ. "ನನಗ ಉಸುಳಿ ನೋಡೋದೈತಿ."

ಲೂಜಾಬಾಯಿಯ ಕುತ್ತಿಗೆಯ ನರ ಉಬ್ಬಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ತಲೆಹೊರೆ ಒಬ್ಬರೇ ಇಳಿಸಿಕೊಳ್ಳುವಂಥದ್ದಲ್ಲ. ನಡೆಯುವಾಗ ಅದು ಹಗುರ, ನಿಂತರೆ ಕ್ಷಣಕ್ಷಣಕ್ಕೂ ಭಾರ. ಸೀರೆಯ ನೆರಿಗೆ ನಡುಗುವುದು ಎಲ್ಲರಿಗೂ ಕಂಡಿತು. ಆದರೆ ಒಂದು ಹೆಜ್ಜೆ ಹಿಂದೆ ಇಡಲಾರಳು. ಇಟ್ಟರೆ ಸಾಯುವವರೆಗೆ ಅಂಗಳವೇ ಗತಿ ಎಂದು ಅವಳಿಗೆ ಗೊತ್ತಿತ್ತು.

"ಲೂಜಾಬಾಯಿ, ನೋಡೋಣ, ಸ್ವಲ್ಪ ಸಮಾಧಾನ..." ಎಂದರು ಫಾದರ್.

"ಎಷ್ಟ ನೋಡ್ತೀರಿ ಫಾದರ್! ಹಿಡೀರಿ ಈ ಕಡೆ!"

ಅವಳು ಫಾದರ್ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಫಾದರ್ ಎರಡೇ ಹೆಜ್ಜೆಗೆ ಬಂದು ಒಂದು ಕಡೆ ಹಿಡಿದರು. ಬಿಳಿ ನಿಲುವಂಗಿಯ ಅಂಚಿಗೆ ಮಸಿ ಹತ್ತಿತು. ಇನ್ನೊಂದು ಕಡೆ ಖಾಲಿ. ಈಗ ಊರಿಗೆ ಊರೇ ಪಾಸ್ಕಲ್ ಬಾಬನನ್ನು ನೋಡುತ್ತಿತ್ತು. ಎಸ್ಪೆರಾನ್ಸಾ ಬಾಯಿ ಗಂಡನ ಬೆನ್ನಿಗೆ ಮೊಳಕೈಯಿಂದ ತಿವಿದಳು. ಪ್ರೀತಿಯಿಂದಲ್ಲ, ನಾಚಿಕೆಯಿಂದ. ಅವನು ರಂಗೋಲಿ ದಾಟಿ ಒಳಗೆ ಕಾಲಿಟ್ಟ. ಪೆಟ್ಟಿಗೆ ಹಿಡಿದ. ಲೂಜಾಬಾಯಿ ತಲೆ ತಗ್ಗಿಸಿ ಪೆಟ್ಟಿಗೆಯ ಅಡಿಯಿಂದ ಹೊರಗೆ ಬಂದಳು.

"ಯಪ್ಪಾ, ಏನ್ ಭಾರ ಐತಿ!" ಎಂಬ ಮಾತು ಅವನ ಬಾಯಿಂದ ಬಂದುಬಿಟ್ಟಿತು.

"ದೀಪಕ್ಕ ಎಣ್ಣಿ ತುಂಬಿಲ್ರಿ ಬಾಬಾ. ತುಂಬಿದ್ರ ಇನ್ನೂ ಸ್ವಲ್ಪ ಜಾಸ್ತಿ."

ಓಣಿ ಗೊಳ್ಳೆಂದು ನಕ್ಕಿತು. ಮೆರವಣಿಗೆಯ ಹಿಂದಿನ ಸಾಲಿನಲ್ಲೂ ಒಂದಿಬ್ಬರು ನಕ್ಕರು.

ಜಪಸರ ಮುಗಿಯಿತು. ಲೂಜಾಬಾಯಿ ಉಸುಳಿಯ ಪಾತ್ರೆ ಹಿಡಿದು ಮೊದಲು ಪಾಸ್ಕಲ್ ಬಾಬನ ಮುಂದೆಯೇ ನಿಂತಳು. ಎಲೆಯಲ್ಲಲ್ಲ, ಹಿಡಿಯಲ್ಲಿ ತೆಗೆದು ಅವನ ಅಂಗೈಗೆ ಒತ್ತಿ ಇಟ್ಟಳು. ಬೇಡ ಎನ್ನುವಂತಿಲ್ಲ, ಅದು ಪ್ರಸಾದ. ಅವನು ತಿಂದ. ಇಮಾಂಬಿ ಖಾರ ಹಾಕುವಾಗ ಯಾರನ್ನು ನೆನೆಸಿಕೊಂಡಿದ್ದಳೋ, ಅವನ ಕಣ್ಣಲ್ಲಿ ನೀರು ಬಂತು. ನೀರು ಕೊಟ್ಟದ್ದೂ ಲೂಜಾಬಾಯಿಯೇ, ಓಣಿಯ ಲೋಟದಲ್ಲೇ. ಅದನ್ನೂ ಕುಡಿದ.

ಎಲ್ಲರೂ ಹೋದ ಮೇಲೆ ಅವಳು ಮಾಯಿಯ ಎದುರು ಕೂತಳು. ಕಣ್ಣು ಕಂದು ಬಣ್ಣದ್ದು. ಗಲ್ಲದ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. "ನಿನಗೂ ಯಾರೂ ನೋಡೋರಿಲ್ಲೇನು?" ಎಂದಳು. ಮಗುವಿನ ಮಾತು ತೆಗೆಯಬೇಕೆಂದಿದ್ದಳು. ಬಾಯಿ ತೆರೆಯುವಷ್ಟರಲ್ಲಿ ನಿದ್ದೆ ಬಂದುಬಿಟ್ಟಿತು, ಕೂತಲ್ಲೇ, ಕಟ್ಟೆಗೆ ಹಣೆ ಆನಿಸಿ.

ಮಾರನೆಯ ಸಂಜೆ ಕಮಿಟಿಯವರು ಬಂದರು. ಪಾಸ್ಕಲ್ ಬಾಬ ಅವಳ ಮುಖ ನೋಡದೆ, "ಹೂಂ, ಹೊತ್ಗೊ. ಮಾಸ್ತರ ಮನಿಗೆ ಹೋಗೂಣು," ಎಂದ.

"ನಾ ಹೊರೂದಿಲ್ರಿ."

"ಅಂದ್ರ?"

"ಇವತ್ತ ನಾ ಮನಿಯಾಕಿ. ನೀವು ನಿಮ್ಮ ಬಂಗ್ಲೆದಿಂದ ಹೊತ್ತಿದ್ರೇನು? ಹಿಂದ ನಡದು ಬಂದ್ರಿ, ಇಳಿಸಿ ಕೊಟ್ರಿ. ನಾನೂ ಹಂಗ ಬರ್ತೇನಿ. ಮಾಸ್ತರ ಮನ್ಯಾಗ ಇಳಿಸಿ ಕೊಡ್ತೇನಿ, ಒಳಗ ಹೋಗಿ."

"ಸರಿ, ಇವತ್ತೊಂದಿನ. ನಾಳಿಂದ?"

"ನಾಳಿಂದ ಯಾರ ಪಾಳಿನೋ ಅವರ ತಲಿ. ನನ್ನ ತಲಿ ಇನ್ನ ಸಿಗೂದಿಲ್ಲ ಬಾಬಾ."

ಅವನು ಓಣಿಯ ಗಂಡಸರ ಕಡೆ ನೋಡಿದ. ಪರಶುರಾಮ ಆಕಾಶ ನೋಡಿದ. ಉಳಿದವರು ತಮ್ಮ ತಮ್ಮ ಕಾಲಿನ ಉಗುರು ನೋಡಿಕೊಂಡರು. ಹೊತ್ತು ಮುಳುಗುತ್ತಿತ್ತು, ಮಾಸ್ತರ ಮನೆಯಲ್ಲಿ ಜನ ಕಾಯುತ್ತಿದ್ದರು. ಕೊನೆಗೆ ಪಾಸ್ಕಲ್ ಬಾಬನ ಅಳಿಯ ಟವೆಲು ಸುತ್ತಿ ಸಿಂಬಿ ಮಾಡಿದ. ಅದು ಬಿಚ್ಚಿ ಅವನ ಮೂಗಿಗೆ ಬಂತು. ಮತ್ತೆ ಸುತ್ತಿದ, ಮತ್ತೆ ಬಿಚ್ಚಿತು. ಕಡೆಗೆ ಬಂಗಲೆಯವರು ನಾಲ್ಕು ಜನ ನಾಲ್ಕು ಮೂಲೆ ಹಿಡಿದು, ಮದುವೆಯ ಕಪಾಟು ಸಾಗಿಸುವ ಹಾಗೆ ಮಾಯಿಯನ್ನು ಎತ್ತಿಕೊಂಡು ಹೊರಟರು. ಒಂದು ಮೂಲೆಯಲ್ಲಿ ಪಾಸ್ಕಲ್ ಬಾಬನೇ ಇದ್ದ, ಬೇರೆ ಯಾರೂ ಸಿಗಲಿಲ್ಲ.

ಲೂಜಾಬಾಯಿ ಹಿಂದೆ ನಡೆದಳು. ಎಸ್ಪೆರಾನ್ಸಾ ಬಾಯಿ ಒಂದು ಮೇಣದಬತ್ತಿ ಕೊಟ್ಟಳು, ಇಸಕೊಂಡಳು. ಹಾಡು ಶುರುವಾಯಿತು. ಪೂರ್ತಿ ಹಾಡು ಅವಳಿಗೆ ಬಾಯಿಪಾಠ. ಆದರೆ ತಲೆಯ ಮೇಲೆ ಭಾರ ಇದ್ದವರು ಹಾಡುವ ಹಾಗಿಲ್ಲ. ಉಸಿರು ಎಳೆದರೆ ಕುತ್ತಿಗೆ ಅಲುಗುತ್ತದೆ, ಕುತ್ತಿಗೆ ಅಲುಗಿದರೆ ಹೊರೆ ವಾಲುತ್ತದೆ. ಇಷ್ಟು ವರ್ಷದ ಮೆರವಣಿಗೆಗಳಲ್ಲಿ ಒಂದು ಸಾಲನ್ನೂ ಅವಳು ಬಾಯಿ ಬಿಟ್ಟು ಹಾಡಿರಲಿಲ್ಲ.

ಬಾಯಿ ಬಿಟ್ಟಳು. ಒಡಕು ದನಿ, ದೊಡ್ಡ ದನಿ, ಅರ್ಧ ಸಾಲು ಎಲ್ಲರಿಗಿಂತ ಮುಂದೆ. ಹುಡುಗಿಯರು ಕಿಸಕ್ಕನೆ ನಕ್ಕರು. ಇಮಾಂಬಿ ಕಿವಿ ಮುಚ್ಚಿಕೊಂಡಳು. ಮುಂದೆ ನಾಲ್ವರ ಕೈಯಲ್ಲಿ ಪೆಟ್ಟಿಗೆ ಅತ್ತಿತ್ತ ವಾಲಿತು. "ಸಾವಕಾಶ, ಸಾವಕಾಶ!" ಎಂದು ಪಾಸ್ಕಲ್ ಬಾಬ ಏದುಸಿರು ಬಿಡುತ್ತ ಕೂಗಿದ. ಲೂಜಾಬಾಯಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಎರಡನೆಯ ನುಡಿ ಎತ್ತಿಕೊಂಡಿದ್ದಳು.